ನೇಮಕಾತಿ ಹಂತದ ವೇತನರಹಿತ ಕೆಲಸ

ನೇಮಕಾತಿ ಹಂತದ ವೇತನರಹಿತ ಕೆಲಸ ಎಂದರೆ ಉದ್ಯೋಗಕ್ಕೆ ಅರ್ಜಿ ಸಲ್ಲಿಸಿದ ಅಭ್ಯರ್ಥಿಯಿಂದ, ನೇಮಕವಾಗುವ ಮೊದಲೇ, ಸಂದರ್ಶನದ ಅಂಗವಾಗಿ ಸಂಭಾವನೆಯಿಲ್ಲದೆ ಮಾಡಿಸಿಕೊಳ್ಳುವ ಕೆಲಸ. ಮನೆಯಲ್ಲಿ ಮಾಡಿ ಒಪ್ಪಿಸಬೇಕಾದ ತಂತ್ರಾಂಶ, ಲೇಖನ ಅಥವಾ ಅನುವಾದದ ಮಾದರಿ, ವಿನ್ಯಾಸದ ಕರಡು, ಖಾಸಗಿ ಶಾಲೆಗಳ ಡೆಮೊ ಪಾಠ, ಹೋಟೆಲು ಮತ್ತು ಅಂಗಡಿಗಳಲ್ಲಿನ ಪ್ರಾಯೋಗಿಕ ಪಾಳಿ ಇದರ ಸಾಮಾನ್ಯ ರೂಪಗಳು. ಸಾಮರ್ಥ್ಯದ ಪರೀಕ್ಷೆ ಎಲ್ಲಿ ಮುಗಿಯುತ್ತದೆ, ಪುಕ್ಕಟೆ ದುಡಿಮೆ ಎಲ್ಲಿ ಆರಂಭವಾಗುತ್ತದೆ ಎಂಬುದೇ ಈ ಪದ್ಧತಿಯ ಕುರಿತ ಮುಖ್ಯ ವಿವಾದ.

ಹಿನ್ನೆಲೆ

ಕೂಲಿಯಿಲ್ಲದ ಬಲವಂತದ ದುಡಿಮೆಗೆ ಕನ್ನಡದಲ್ಲಿ ‘ಬಿಟ್ಟಿ’ ಎಂಬ ಹೆಸರಿದೆ. ಇದು ಸಂಸ್ಕೃತದ ‘ವಿಷ್ಟಿ’ ಶಬ್ದದ ತದ್ಭವ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೂ ವಿಷ್ಟಿಯ ಉಲ್ಲೇಖವಿದೆ. ಬಿಟ್ಟಿಯ ಹಿಂದೆ ಅಧಿಕಾರದ ಒತ್ತಾಯವಿದ್ದರೆ, ಸಂದರ್ಶನದ ಕೆಲಸದ ಹಿಂದೆ ಉದ್ಯೋಗ ದೊರೆಯುವ ನಿರೀಕ್ಷೆಯಿದೆ.

ಕೆಲಸದ ಮಾದರಿಯನ್ನು ಮಾಡಿಸಿ ನೋಡುವುದು ಆಯ್ಕೆಯ ಉತ್ತಮ ವಿಧಾನಗಳಲ್ಲೊಂದು ಎಂಬ ಅಭಿಪ್ರಾಯಕ್ಕೆ ಮನಶ್ಶಾಸ್ತ್ರದ ಆಧಾರವಿದೆ. ಫ್ರ್ಯಾಂಕ್ ಶ್ಮಿಟ್ ಮತ್ತು ಜಾನ್ ಹಂಟರ್ 1998ರಲ್ಲಿ ಪ್ರಕಟಿಸಿದ ಸಮೀಕ್ಷಾ ಲೇಖನವು ಇಂತಹ ಪರೀಕ್ಷೆಗಳಿಗೆ ಅಗ್ರಸ್ಥಾನ ನೀಡಿತ್ತು. ಪಾಲ್ ಸ್ಯಾಕೆಟ್ ಮತ್ತು ಸಂಗಡಿಗರು 2022ರಲ್ಲಿ ನಡೆಸಿದ ಮರುಲೆಕ್ಕಾಚಾರದಲ್ಲಿ ಆ ಸ್ಥಾನ ಕೆಳಗಿಳಿದು, ಪೂರ್ವನಿಗದಿತ ಪ್ರಶ್ನೆಗಳುಳ್ಳ ಸಂದರ್ಶನ ಮೇಲೇರಿತು. ಪರೀಕ್ಷೆಗೆ ಕಲ್ಪಿತ ಸಮಸ್ಯೆಯೂ ಸಾಕಾಗುವುದರಿಂದ, ಸಂಸ್ಥೆಯು ನೇರವಾಗಿ ಬಳಸಬಹುದಾದ ಕೆಲಸವನ್ನೇ ಕೇಳುವುದು ಅನಿವಾರ್ಯವಲ್ಲ.

ಪರೀಕ್ಷೆ ಮತ್ತು ದುಡಿಮೆಯ ವ್ಯತ್ಯಾಸ

ಸಾಮಾನ್ಯವಾಗಿ ಈ ಅಂಶಗಳನ್ನು ಪರಿಗಣಿಸಲಾಗುತ್ತದೆ:

- ಅವಧಿ: ಒಂದೆರಡು ಗಂಟೆಯ ಕೆಲಸವೋ, ಹಲವು ದಿನಗಳದ್ದೋ.
- ಉಪಯೋಗ: ಎಲ್ಲರಿಗೂ ಒಂದೇ ಬಗೆಯ ಅಭ್ಯಾಸಪ್ರಶ್ನೆಯೋ, ಸಂಸ್ಥೆಯ ಗ್ರಾಹಕರಿಗೆ ತಲುಪುವ ಕೆಲಸವೋ. ಒಂದು ಪುಸ್ತಕದ ಬೇರೆ ಬೇರೆ ಅಧ್ಯಾಯಗಳನ್ನು ಬೇರೆ ಬೇರೆ ಅಭ್ಯರ್ಥಿಗಳಿಗೆ ಅನುವಾದಕ್ಕೆ ಹಂಚಿದರೆ ಅದು ಪರೀಕ್ಷೆಯಾಗಿ ಉಳಿಯುವುದಿಲ್ಲ.
- ಮೇಲ್ವಿಚಾರಣೆ: ಪ್ರಾಯೋಗಿಕ ಪಾಳಿಯಲ್ಲಿ ಅಭ್ಯರ್ಥಿಯನ್ನು ಗಮನಿಸಲಾಗುತ್ತಿದೆಯೋ, ಗೈರುಹಾಜರಾದ ನೌಕರನ ಜಾಗದಲ್ಲಿ ನಿಲ್ಲಿಸಲಾಗಿದೆಯೋ.
- ಹಂತ: ಕೆಲಸವನ್ನು ಅಂತಿಮ ಸುತ್ತಿಗೆ ಬಂದ ಕೆಲವರಿಂದ ಕೇಳಲಾಗಿದೆಯೋ, ಅರ್ಜಿ ಹಾಕಿದ ಎಲ್ಲರಿಂದಲೋ.

ಕಾನೂನಿನ ಸ್ಥಿತಿ

ಭಾರತದ ಸಂವಿಧಾನದ 23ನೆಯ ವಿಧಿಯು ಬಿಟ್ಟಿ ದುಡಿಮೆಯನ್ನು ನಿಷೇಧಿಸುತ್ತದೆ. ಏಷ್ಯಾಡ್ ಕಾಮಗಾರಿಯ ಕಾರ್ಮಿಕರಿಗೆ ಸಂಬಂಧಿಸಿದ 1982ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ಕನಿಷ್ಠ ವೇತನಕ್ಕಿಂತ ಕಡಿಮೆ ಕೂಲಿಗೆ ದುಡಿಸುವುದೂ ಬಲವಂತದ ದುಡಿಮೆಯೇ ಎಂದೂ, ಬಡತನದ ಒತ್ತಡವೂ ಬಲವಂತವೇ ಎಂದೂ ಹೇಳಿತು. ಆದರೆ ಈ ತೀರ್ಪು ಸಂದರ್ಶನದ ಕೆಲಸವನ್ನು ಕುರಿತದ್ದಲ್ಲ.

ಸಿದ್ಧಪಡಿಸಿದ ಕೃತಿಯ ಒಡೆತನದ ವಿಷಯದಲ್ಲಿ 1957ರ ಕೃತಿಸ್ವಾಮ್ಯ ಅಧಿನಿಯಮವು ಹೆಚ್ಚು ಸ್ಪಷ್ಟವಾಗಿದೆ. ಅದರ 17ನೆಯ ಪ್ರಕರಣದಂತೆ ಕೃತಿಯ ಮೊದಲ ಒಡೆಯ ಅದನ್ನು ರಚಿಸಿದವನೇ. ನೌಕರಿಯ ಅವಧಿಯಲ್ಲಿ ರಚಿಸಿದ್ದು ಸಾಮಾನ್ಯವಾಗಿ ಮಾಲೀಕನಿಗೆ ಸೇರುತ್ತದೆಯಾದರೂ ಅಭ್ಯರ್ಥಿ ಇನ್ನೂ ನೌಕರನಲ್ಲ. 19ನೆಯ ಪ್ರಕರಣದಂತೆ ಹಕ್ಕಿನ ವರ್ಗಾವಣೆ ಲಿಖಿತವಾಗಿ, ಸಹಿಯೊಡನೆ ಆಗಬೇಕು. ಆದ್ದರಿಂದ ಸಂಸ್ಥೆಗಳು ಕಳುಹಿಸುವ ನಿಯಮಪತ್ರಕ್ಕೆ ಸಹಿ ಹಾಕುವ ಮುನ್ನ ಓದುವುದು ಮುಖ್ಯ.

ಬ್ರಿಟನ್ನಿನಲ್ಲಿ ಸಂಸದ ಸ್ಟುವರ್ಟ್ ಮೆಕ್‌ಡೊನಾಲ್ಡ್ ವೇತನರಹಿತ ಪ್ರಾಯೋಗಿಕ ಪಾಳಿಯನ್ನು ನಿಷೇಧಿಸುವ ಖಾಸಗಿ ಮಸೂದೆಯನ್ನು ಮಂಡಿಸಿದ್ದರು. 2018ರ ಮಾರ್ಚ್‌ನಲ್ಲಿ ಚರ್ಚೆಯ ಸಮಯ ಮುಗಿದುಹೋಗಿ ಅದು ಮುಂದುವರಿಯಲಿಲ್ಲ. ಆಸ್ಟ್ರೇಲಿಯಾದ ಫೇರ್ ವರ್ಕ್ ಒಂಬುಡ್ಸ್‌ಮನ್ ಕಚೇರಿಯ ಮಾರ್ಗಸೂಚಿಯಂತೆ, ಕೌಶಲವನ್ನು ತೋರಿಸಲು ಬೇಕಾದಷ್ಟು ಸಮಯ ಮಾತ್ರ, ನೇರ ಮೇಲ್ವಿಚಾರಣೆಯಲ್ಲಿ, ವೇತನವಿಲ್ಲದೆ ಕೆಲಸ ಮಾಡಿಸಬಹುದು. ಅದನ್ನು ಮೀರಿದರೆ ವೇತನ ಕೊಡಬೇಕು.

ಟೀಕೆಗಳು

ಕೆಲಸ ಕೇಳುವ ಸಂಸ್ಥೆಗೆ ಖರ್ಚಿಲ್ಲದಿರುವುದರಿಂದ ಬೇಡಿಕೆಗೆ ಮಿತಿಯಿರುವುದಿಲ್ಲ ಎಂಬುದು ಪ್ರಮುಖ ಟೀಕೆ. ಒಂದು ಹುದ್ದೆಗೆ 20 ಮಂದಿ ತಲಾ 6 ಗಂಟೆ ದುಡಿದರೆ ಒಟ್ಟು 120 ಗಂಟೆ, ಅಂದರೆ ಒಬ್ಬ ನೌಕರನ 15 ದಿನಗಳ ದುಡಿಮೆಯಾಗುತ್ತದೆ. ಅದರಲ್ಲಿ 19 ಮಂದಿಗೆ ಪ್ರತಿಫಲವಿಲ್ಲ. ಮನೆವಾರ್ತೆಯ ಹೊಣೆ ಹೊತ್ತ ಮಹಿಳೆಯರು, ಈಗಾಗಲೇ ದಿನವಿಡೀ ದುಡಿಯುತ್ತಿರುವವರು ಬಿಡುವಿಲ್ಲದೆ ಹಿಂದೆ ಬೀಳುವುದರಿಂದ, ಈ ಪರೀಕ್ಷೆ ಸಾಮರ್ಥ್ಯದ ಬದಲು ಬಿಡುವನ್ನೇ ಅಳೆಯುವ ಅಪಾಯವಿದೆ. ಹೊಸಬರು ನಿರಾಕರಿಸುವ ಸ್ಥಿತಿಯಲ್ಲಿರುವುದು ವಿರಳ.

ಪರ್ಯಾಯಗಳು

ಹಿಂದಿನ ಕೆಲಸಗಳ ಸಂಗ್ರಹವನ್ನು ಪರಿಶೀಲಿಸುವುದು, ಸಂದರ್ಶನದ ಹೊತ್ತಿನಲ್ಲಿಯೇ ಚಿಕ್ಕ ಸಮಸ್ಯೆಯೊಂದನ್ನು ಬಿಡಿಸಲು ಕೊಡುವುದು, ದೀರ್ಘ ಕೆಲಸಕ್ಕೆ ಗೌರವಧನ ನೀಡುವುದು ಬಳಕೆಯಲ್ಲಿರುವ ಪರ್ಯಾಯಗಳು. ವರ್ಡ್‌ಪ್ರೆಸ್.ಕಾಮ್ ನಡೆಸುವ ಆಟೊಮ್ಯಾಟಿಕ್ ಕಂಪನಿಯು ಅಭ್ಯರ್ಥಿಗಳಿಗೆ ಗಂಟೆಯ ಲೆಕ್ಕದಲ್ಲಿ ಹಣ ಕೊಟ್ಟು ಪ್ರಾಯೋಗಿಕ ಕೆಲಸ ಮಾಡಿಸಿರುವುದು ಇದಕ್ಕೊಂದು ಉದಾಹರಣೆ.