ಒಂದು ಕುಳಿ, ಹಲವು ಸ್ಫೋಟ: ನೆಲದಾಳದ ಗಣಿಯಲ್ಲಿ ಮದ್ದು ತುಂಬುವ ಹಂತಗಳು

ಹುಕ್ಕೇರಿ ತಾಲ್ಲೂಕಿನ ನಿಡಸೋಸಿ ದುರದುಂಡೀಶ್ವರ ಮಠದಿಂದ ಹೆಸರಾದ ಊರು. ಇಲ್ಲಿಂದ ಗೋಕಾಕದವರೆಗಿನ ಸೀಮೆಯಲ್ಲಿ ದಖನ್ನಿನ ಕರಿಗಲ್ಲಿನ ಹಾಸೂ, ಘಟಪ್ರಭೆ ಧುಮುಕುವ ಗೋಕಾಕದ ಗಟ್ಟಿ ಮರಳುಗಲ್ಲೂ ಪರಸ್ಪರ ಸಂಧಿಸುತ್ತವೆ. ಇಂಥ ನೆಲದಲ್ಲಿ ಬಾವಿ ತೋಡುವುದೆಂದರೆ ಮೇಲಿನ ಮಣ್ಣು ತೆಗೆದ ಬಳಿಕ ಬಂಡೆಯನ್ನು ಒಡೆಯುವುದೇ ಆಗಿದೆ. ಉತ್ತರ ಕರ್ನಾಟಕದ ಆಡುಮಾತಿನಲ್ಲಿ ‘ಸುರಂಗ’ ಎಂಬ ಪದಕ್ಕೆ ನೆಲದೊಳಗಿನ ದಾರಿ ಎಂಬ ಅರ್ಥದ ಜೊತೆಗೆ, ಕಲ್ಲಿನಲ್ಲಿ ಕೊರೆದು ಮದ್ದು ತುಂಬುವ ಕುಳಿ ಎಂಬ ಅರ್ಥವೂ ಬೆಳೆದುಬಂದಿದೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೇ ಕಾಣಸಿಗುವ ಈ ಪದದ ಮೂಲವನ್ನು ಕೆಲವು ವಿದ್ವಾಂಸರು ಗ್ರೀಕ್ ಭಾಷೆಯಲ್ಲಿ ಹುಡುಕಿದ್ದಾರೆ. ಕಾಸರಗೋಡಿನ ಮುರಕಲ್ಲಿನ ಗುಡ್ಡಗಳಲ್ಲಿ ಅದೇ ಪದ ಪಿಕ್ಕಾಸಿಯಿಂದ ಅಡ್ಡಲಾಗಿ ಕೊರೆದ ನೀರಿನ ಬಿಲಕ್ಕೆ ಸಲ್ಲುತ್ತದೆ. ಅಲ್ಲಿ ಮದ್ದಿನ ಮಾತೇ ಇಲ್ಲ. ಕಲ್ಲಿನ ಗುಣವೇ ಪದದ ಅರ್ಥವನ್ನು ನಿರ್ಧರಿಸಿದೆ ಎನ್ನಬಹುದು.

ಬಂಡೆ ಒಡೆಯುವ ವಿದ್ಯೆ ಕರ್ನಾಟಕದಲ್ಲಿ ಮದ್ದಿಗಿಂತ ಹಳೆಯದು. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಸುಮಾರು ಎರಡು ಸಾವಿರ ವರ್ಷಗಳ ಹಿಂದಿನ ಗಣಿಗಾರರು ಬೆಂಕಿಯಿಂದ ಬಂಡೆಯನ್ನು ಕಾಯಿಸಿ ಬಿರಿಯಿಸುತ್ತ ನೂರಾರು ಅಡಿ ಆಳಕ್ಕೆ ಇಳಿದಿದ್ದರು. ಕೋಲಾರದ ಚಿನ್ನದ ಗಣಿಗಳು 1880ರಿಂದ ಜಾನ್ ಟೇಲರ್ ಮತ್ತು ಮಕ್ಕಳ ಸಂಸ್ಥೆಯ ಕೈಯಲ್ಲಿ ಬೆಳೆದು, ಮೂರು ಕಿಲೋಮೀಟರಿಗೂ ಮಿಕ್ಕಿದ ಆಳವನ್ನು ಮುಟ್ಟಿ, 2001ರಲ್ಲಿ ಮುಚ್ಚಿದವು. ಹಟ್ಟಿ ಮಾತ್ರ ಇಂದಿಗೂ ನಡೆಯುತ್ತಿದೆ. ಅಲ್ಲಿನ ಒಂದು ಶಾಫ್ಟಿಗೆ ‘ಮಲ್ಲಪ್ಪ’ ಎಂಬ ಅಪ್ಪಟ ಸೀಮೆಯ ಹೆಸರಿರುವುದು ಜಾನಪದ ಅಧ್ಯಯನಕಾರರ ಗಮನಕ್ಕೆ ಬರಬೇಕಾದ ಸಂಗತಿ.

ಬಾವಿಯ ಕೆಲಸಕ್ಕೂ ನೆಲದಾಳದ ಗಣಿಯ ಕೆಲಸಕ್ಕೂ ಒಂದು ಮೂಲಭೂತ ವ್ಯತ್ಯಾಸವಿದೆ. ಕಲ್ಲೊಡ್ಡರು ಬಾವಿಯ ತಳದಲ್ಲಿ ನಿಂತು ಕೆಲವು ಅಡಿ ಆಳದ ಕುಳಿಗಳನ್ನು ಕೊರೆದು, ಮದ್ದು ತುಂಬಿ, ಮೇಲೆ ಮಣ್ಣು ಗಿಡಿದು, ಬತ್ತಿ ಹಚ್ಚಿ ಹೊರಬರುತ್ತಾರೆ. ಕಲ್ಲು ಎತ್ತಿದ ಮೇಲೆ ಹೊಸ ತಳದಲ್ಲಿ ಮತ್ತೆ ಹೊಸ ಕುಳಿಗಳು. ಅಂದರೆ ಹಂತ ಬದಲಾದಂತೆ ಕುಳಿಯೂ ಬದಲಾಗುತ್ತದೆ. ಗಣಿಯಲ್ಲಿ ಹಾಗಲ್ಲ. ಎರಡು ಮಟ್ಟಗಳ ನಡುವೆ ಕಡಿದಾದ ಕಿಂಡಿಯೊಂದನ್ನು ತೆರೆಯಬೇಕಾದಾಗ, ಮೇಲಿನ ಮಟ್ಟದಿಂದ ಕೆಳಗಿನ ಮಟ್ಟದವರೆಗೆ ಉದ್ದನೆಯ ಕುಳಿಗಳನ್ನು ಒಮ್ಮೆಗೇ ಕೊರೆದುಬಿಡುತ್ತಾರೆ. ಮದ್ದನ್ನು ಮಾತ್ರ ಕಂತುಕಂತಾಗಿ, ಕೆಳಗಿನ ತುದಿಯಿಂದ ಆರಂಭಿಸಿ ತುಂಬುತ್ತಾರೆ. ಕುಳಿ ಒಂದೇ, ಸ್ಫೋಟಗಳು ಹಲವು.

ಒಮ್ಮೆಗೇ ಏಕೆ ಸಿಡಿಸಬಾರದು? ಒಡೆದ ಕಲ್ಲು ಇಡಿಯ ಬಂಡೆಗಿಂತ ಹೆಚ್ಚು ಜಾಗ ಬೇಡುತ್ತದೆ. ಇಕ್ಕಟ್ಟಾದ ಕಿಂಡಿಯಲ್ಲಿ ಬಿಡುವಿರುವುದು ಕೆಳಗಿನ ಬಾಯಿಯಲ್ಲಿ ಮಾತ್ರ. ಇಡೀ ಉದ್ದವನ್ನು ಒಟ್ಟಿಗೆ ಸಿಡಿಸಿದರೆ ಮೇಲಿನ ಕಲ್ಲಿಗೆ ಇಳಿಯಲು ಎಡೆಯಿಲ್ಲದೆ ಕಿಂಡಿ ಬಿಗಿದುಕೊಳ್ಳುವ ಅಪಾಯ ಹೆಚ್ಚು. ಹೀಗೆ ಬಿಗಿದ ಕಿಂಡಿಯನ್ನು ಬಿಡಿಸುವುದು ಹೊಸದಾಗಿ ಕೊರೆಯುವುದಕ್ಕಿಂತ ಕಷ್ಟದ, ಜೀವಕ್ಕೆ ಎರವಾಗಬಲ್ಲ ಕೆಲಸ. ಆದುದರಿಂದ ಕೆಳಗಿನ ಎರಡು ಮೂರು ಮೀಟರನ್ನು ಮೊದಲು ಬೀಳಿಸುತ್ತಾರೆ. ಬಳಿಕ ಮೇಲಿನಿಂದ ಅಳತೆಯ ಪಟ್ಟಿ ಇಳಿಬಿಟ್ಟು ಪ್ರತಿ ಕುಳಿಯ ಉಳಿದ ಉದ್ದವನ್ನು ನೋಡಿ, ತಳಕ್ಕೆ ಬೆಣೆ ಇಳಿಸಿ ಮುಚ್ಚಿ, ಅದರ ಮೇಲೆ ಮದ್ದು, ಮದ್ದಿನ ಮೇಲೆ ಮರಳು ಹಾಕಿ ಮುಂದಿನ ಕಂತನ್ನು ಸಿಡಿಸುತ್ತಾರೆ. ಅಮೆರಿಕದ ಸಿ. ಡಬ್ಲ್ಯು. ಲಿವಿಂಗ್‌ಸ್ಟನ್ ಮಂಡಿಸಿದ ಸ್ಫೋಟಕುಳಿಯ ಸಿದ್ಧಾಂತವನ್ನು ಆಧರಿಸಿ, 1970ರ ದಶಕದಲ್ಲಿ ಕೆನಡಾದ ನಿಕ್ಕಲ್ ಗಣಿಗಳಲ್ಲಿ ಈ ವಿಧಾನ ವ್ಯವಸ್ಥಿತ ರೂಪ ಪಡೆಯಿತು. ಯಾರೂ ಕಿಂಡಿಯೊಳಗೆ ಕಾಲಿಡಬೇಕಿಲ್ಲವೆಂಬುದೇ ಅದರ ದೊಡ್ಡ ಲಾಭ. ಕೊನೆಯಲ್ಲಿ ಉಳಿಯುವ ಮೇಲಿನ ಪದರ ತೀರ ತೆಳುವಾದರೆ ಅದರ ಮೇಲೆ ನಿಂತು ಮದ್ದು ತುಂಬುವುದು ಸಾಧ್ಯವಿಲ್ಲ. ಹೀಗಾಗಿ ಕೊನೆಯ ಕಂತನ್ನು ದಪ್ಪವಾಗಿಯೇ ಉಳಿಸಿಕೊಂಡು ಒಂದೇ ಬಾರಿಗೆ ಕೆಡಹುತ್ತಾರೆ.

ಸರ್ಪ್ಯಾಕ್, ಡೆಸ್ವಿಕ್, ಡೇಟಾಮೈನ್ ಏಜಿಸ್ ಮೊದಲಾದ ಗಣಿ ವಿನ್ಯಾಸದ ತಂತ್ರಾಂಶಗಳಲ್ಲಿ ಈ ಕ್ರಮವನ್ನು ಯೋಜಿಸುವಾಗ ತೊಡಕು ಎದುರಾಗುವುದು ಇಲ್ಲಿಯೇ. ಗಣಕಕ್ಕೆ ಕುಳಿಯೆಂದರೆ ಬಾಯಿಯ ಸ್ಥಾನ, ದಿಕ್ಕು, ಓರೆ, ವ್ಯಾಸ ಮತ್ತು ಉದ್ದಗಳುಳ್ಳ ಒಂದು ಗೆರೆ. ಸಾಮಾನ್ಯ ಯೋಜನೆಯಲ್ಲಿ ಒಂದು ಗೆರೆಗೆ ಒಂದು ಮದ್ದಿನ ವಿವರ, ಒಂದು ಸ್ಫೋಟ. ಹಂತಗಳಿದ್ದಾಗ ಅದೇ ಗೆರೆ ಹಲವು ಸ್ಫೋಟಗಳಿಗೆ ಸೇರಬೇಕಾಗುತ್ತದೆ. ಉದಾಹರಣೆಗೆ 20 ಮೀಟರ್ ಉದ್ದದ ಒಂಬತ್ತು ಕುಳಿಗಳ ಕಿಂಡಿಯನ್ನು ಗಮನಿಸಬಹುದು. 2.5 ಮೀಟರಿನ ಆರು ಕಂತುಗಳು, ಕೊನೆಯದು 5 ಮೀಟರ್. ಒಟ್ಟು ಏಳು ಸ್ಫೋಟಗಳು. ಯೋಜಕನು ಸುಲಭವೆಂದು ಪ್ರತಿ ಸ್ಫೋಟಕ್ಕೂ ಕುಳಿಗಳ ನಕಲು ಮಾಡಿದರೆ, 180 ಮೀಟರ್ ಕೊರೆತ ಕಾಗದದಲ್ಲಿ 1,260 ಮೀಟರ್ ಆಗಿಬಿಡುತ್ತದೆ. ಕುಳಿಯ ಗೆರೆಯನ್ನು ಒಮ್ಮೆ ಮಾತ್ರ ಇರಿಸಿಕೊಂಡು, ಬಾಯಿಯಿಂದ ಅಳೆದ ತುಂಡುಗಳಾಗಿ ವಿಭಜಿಸಿ, ಪ್ರತಿ ತುಂಡಿಗೂ ಅದರ ಸ್ಫೋಟದ ಕ್ರಮಸಂಖ್ಯೆಯನ್ನು ಕೊಡುವುದೇ ಸರಿಯಾದ ದಾರಿ. ಅಳತೆ ಬಾಯಿಯಿಂದಲೇ ಇರಬೇಕು. ಏಕೆಂದರೆ ಪ್ರತಿ ಸ್ಫೋಟದ ನಂತರ ತಳ ಮೇಲೇರುತ್ತದೆ, ಬಾಯಿ ಮಾತ್ರ ಕದಲದೆ ಉಳಿಯುತ್ತದೆ. ಮದ್ದಿನ ತೂಕವೂ ತುಂಡಿನ ಲೆಕ್ಕದಲ್ಲಿಯೇ ಬರುತ್ತದೆ: 76 ಮಿಲಿಮೀಟರ್ ವ್ಯಾಸದ ಕುಳಿಯಲ್ಲಿ, ನೀರಿಗಿಂತ 1.1 ಪಟ್ಟು ಸಾಂದ್ರವಾದ ಮದ್ದು ಮೀಟರಿಗೆ ಸುಮಾರು 5 ಕಿಲೋಗ್ರಾಂ ಹಿಡಿಯುತ್ತದೆ. 2.5 ಮೀಟರಿನ ತುಂಡಿನಲ್ಲಿಯೂ ಬೆಣೆ ಮತ್ತು ಮರಳಿನ ಪಾಲನ್ನು ಕಳೆದೇ ಮದ್ದನ್ನು ಎಣಿಸಬೇಕು.

‘ಹಂತ’ ಎಂಬ ಪದವೇ ಇಲ್ಲಿ ಗೊಂದಲಕ್ಕೆ ಎಡೆಮಾಡುತ್ತದೆ. ಒಂದೇ ಸ್ಫೋಟದೊಳಗೆ ಕುಳಿಗಳು ಮಿಲಿಸೆಕೆಂಡುಗಳ ಅಂತರದಲ್ಲಿ ಒಂದಾದ ಮೇಲೊಂದು ಸಿಡಿಯುವುದು ಒಂದು ಬಗೆಯ ಕ್ರಮ. ಪಾಳಿಗಳ, ಕೆಲವೊಮ್ಮೆ ದಿನಗಳ ಅಂತರದಲ್ಲಿ ನಡೆಯುವ ಸ್ಫೋಟಗಳ ಕ್ರಮ ಇನ್ನೊಂದು. ಮೊದಲನೆಯದನ್ನು ಸಿಡಿಯ ಕ್ರಮವೆಂದೂ ಎರಡನೆಯದನ್ನು ಕಂತಿನ ಕ್ರಮವೆಂದೂ ಕರೆಯುವುದು ಒಳಿತು. ಮೊದಲನೆಯದರ ನಡುವೆ ಮನುಷ್ಯನಿಗೆ ಪ್ರವೇಶವಿಲ್ಲ. ಎರಡನೆಯದರ ನಡುವೆ ಅವನು ಮತ್ತೆ ಅದೇ ಕುಳಿಯ ಬಾಯಿಗೆ ಬಂದು ನಿಲ್ಲುತ್ತಾನೆ, ಮತ್ತು ಅಪಾಯವಿರುವುದೂ ಆಗಲೇ. ಹಿಂದಿನ ಕಂತಿನಲ್ಲಿ ಒಂದು ಕುಳಿಯ ಮದ್ದು ಸಿಡಿಯದೆ ಉಳಿದಿದ್ದರೆ, ಪರದೆಯ ಮೇಲಿನ ನಕ್ಷೆ ಆ ತುಂಡು ಬಿದ್ದುಹೋಗಿದೆಯೆಂದೇ ತೋರಿಸುತ್ತಿರುತ್ತದೆ. ಯೋಜನೆಯಂತೆ ಉಳಿಯಬೇಕಾದುದು 17.5 ಮೀಟರ್. ಪಟ್ಟಿ 16.8 ಎಂದರೆ ಬಂಡೆ ಹೆಚ್ಚು ಕಿತ್ತಿದೆ, 18.2 ಎಂದರೆ ತಳ ಪೂರ್ತಿ ಬಿದ್ದಿಲ್ಲ. ಪಟ್ಟಿ 18ರ ಆಚೀಚೆಯೇ ತಡೆದು ನಿಂತರೆ ಅದು ಉಳಿದ ಕಲ್ಲೋ, ಸಿಕ್ಕಿಕೊಂಡ ಚೂರೋ, ಹಳೆಯ ಮದ್ದೋ ಎಂಬುದನ್ನು ತಿಳಿಯದೆ ಮೇಲೆ ಹೊಸ ಮದ್ದು ಸುರಿಯುವಂತಿಲ್ಲ.

ಮದ್ದಿನ ಅಪಾಯ ಗಣಿಯೊಳಕ್ಕೆ ಸೀಮಿತವಾದುದಲ್ಲವೆಂಬುದಕ್ಕೆ 2021ರ ಜನವರಿಯಲ್ಲಿ ಶಿವಮೊಗ್ಗದ ಬಳಿಯ ಹುಣಸೋಡಿನಲ್ಲಿ, ಫೆಬ್ರವರಿಯಲ್ಲಿ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿಯಲ್ಲಿ ನಡೆದ ಸ್ಫೋಟಗಳು ಸಾಕ್ಷಿ. ಎರಡರಲ್ಲಿಯೂ ಜೀವಗಳು ಹೋದವು. ಗಣಿಗಳಿಗೆ 1952ರ ಗಣಿ ಕಾಯ್ದೆ 2025ರವರೆಗೆ ಜಾರಿಯಲ್ಲಿತ್ತು, ಅದರಡಿ 1961ರ ಲೋಹಗಣಿ ನಿಯಮಾವಳಿ ರೂಪುಗೊಂಡಿತ್ತು. ಅರ್ಹತಾ ಪತ್ರವುಳ್ಳ ಬ್ಲಾಸ್ಟರನೇ ಮದ್ದಿನ ಹೊಣೆಗಾರ.

ಬತ್ತಿಯ ಕಾಲದಲ್ಲಿ ಈ ಹೊಣೆಯನ್ನು ನಿರ್ವಹಿಸಿದ್ದು ಕಿವಿ. ಎಷ್ಟು ಬತ್ತಿ ಹಚ್ಚಿದೆವೋ ಅಷ್ಟು ಸದ್ದು ಕೇಳಬೇಕು. ಒಂದು ಕಡಿಮೆಯಾದರೆ ಯಾರೂ ಇಳಿಯಬಾರದು. ಬಾವಿಯ ದಡದಲ್ಲಿ ಕುಳಿತು ಸದ್ದು ಎಣಿಸುವ ಈ ರೂಢಿಯನ್ನು ಜಾನಪದ ಸಂಗ್ರಹಗಳು ಒಂದು ಜ್ಞಾನವೆಂದು ದಾಖಲಿಸಿರುವುದು ಕಡಿಮೆ. ಹಾಡು, ಕಥೆ, ಖಂಡೇಪೂಜೆಗಳಿಗೆ ಸಿಕ್ಕ ಪುಟಗಳು ಒಡ್ಡರ ಕೆಲಸದ ಲೆಕ್ಕಾಚಾರಕ್ಕೆ ಸಿಕ್ಕಿಲ್ಲ. ಮಿಲಿಸೆಕೆಂಡಿನ ಸಿಡಿಗಳು ಬಂದ ಮೇಲೆ ಒಂಬತ್ತು ಕುಳಿಗಳ ಸದ್ದು ಒಂದೇ ಗುಡುಗಾಗಿ ಕೇಳುತ್ತದೆ, ಕಿವಿಗೆ ಎಣಿಸಲಾಗದು. ಅದರ ಸ್ಥಾನಕ್ಕೆ ಬಂದಿರುವುದು ಪಟ್ಟಿಯ ಅಳತೆ ಮತ್ತು ಕೆಳಗಿನ ಮಟ್ಟದಲ್ಲಿ ಬಿದ್ದ ಕಲ್ಲನ್ನು ನೋಡುವ ಕಣ್ಣು. ಆದುದರಿಂದ ಪ್ರತಿ ಕಂತಿನ ಮದ್ದಿನ ಹಾಳೆಯಲ್ಲಿ ಯೋಜಿತ ಉದ್ದದ ಪಕ್ಕದಲ್ಲಿಯೇ ಅಳೆದ ಉದ್ದಕ್ಕೂ, ಸಿಡಿದುದಕ್ಕೂ ಸಿಡಿಯದುದಕ್ಕೂ ಖಾಲಿ ಅಂಕಣಗಳಿರಬೇಕು. ಅವುಗಳ ತಲೆಬರಹ ತುಂಬುವವನು ಓದಬಲ್ಲ ಭಾಷೆಯಲ್ಲಿರಬೇಕು. ಪಾಳಿ ಮುಗಿಸಿ ಮೇಲೆ ಬಂದ ಬ್ಲಾಸ್ಟರನ ಕೈಬರಹದ ಅಂಕಿಗಳು ಮುಂದಿನ ಪಾಳಿಯ ಹಾಳೆ ಮುದ್ರಣವಾಗುವ ಮೊದಲೇ ಗಣಕದ ಕುಳಿಗಳಿಗೆ ಸೇರಬೇಕು.