ಅಳಿಸಿದ ಮೇಲೂ ಬಿಡದ ಜಾಗ

ಹಳಿಯಾಳ ತಾಲೂಕಿನ ಸಾಂಬ್ರಾಣಿ ಹೋಬಳಿಯ ರೈತನಿಗೆ ಉತಾರ, ಅಂದರೆ ಪಹಣಿ ಬೇಕಾದರೆ ಹಿಂದೆಲ್ಲ ಗ್ರಾಮ ಲೆಕ್ಕಿಗರ ಕೈಬರಹಕ್ಕೆ ಕಾಯಬೇಕಿತ್ತು. 2000ದ ಆಚೀಚೆ ‘ಭೂಮಿ’ ಯೋಜನೆ ಬಂತು. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ಮುಂದಾಳತ್ವದಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. 15 ರೂಪಾಯಿ ಕೊಟ್ಟರೆ ಹಳಿಯಾಳದ ತಾಲೂಕು ಕಚೇರಿಯಲ್ಲಿ ಅಚ್ಚಾದ ಪ್ರತಿ ಸಿಗತೊಡಗಿತು. ಆಗ ತಾಲೂಕಿಗೊಂದು ಸರ್ವರ್. ಹಳಿಯಾಳದ ಪಹಣಿ ಹಳಿಯಾಳದ ಡಿಸ್ಕಿನಲ್ಲೇ ಇರುತ್ತಿತ್ತು. ಇಲ್ಲಿ ಅರ್ಧ ಡಿಸ್ಕ್ ಖಾಲಿ ಬಿದ್ದಿದ್ದರೂ, ಪಕ್ಕದ ಯಲ್ಲಾಪುರದ ಡಿಸ್ಕ್ ತುಂಬಿ ತುಳುಕುತ್ತಿದ್ದರೂ, ಇಲ್ಲಿನ ಜಾಗವನ್ನು ಅಲ್ಲಿಗೆ ಕೊಡುವ ದಾರಿ ಇರಲಿಲ್ಲ.

ಮುಂದೆ ದಾಖಲೆಗಳು ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರಕ್ಕೆ ಸೇರಿದವು. ಈಗ ಸಾಂಬ್ರಾಣಿಯ ನಾಡಕಚೇರಿಯಲ್ಲಿ ಕಾಣುವುದು ದೂರದ ಯಂತ್ರವೊಂದರ ಕಿಟಕಿ ಮಾತ್ರ. ದತ್ತಾಂಶ ಕೇಂದ್ರಗಳಲ್ಲಿ ಆ ಯಂತ್ರವೂ ಬಹುತೇಕ ಕಲ್ಪಿತವೇ. 1998ರಲ್ಲಿ ಹುಟ್ಟಿದ ವಿಎಂವೇರ್ ಕಂಪನಿ ಒಂದು ಗಟ್ಟಿ ಸರ್ವರಿನೊಳಗೆ ಹತ್ತಾರು ವರ್ಚುವಲ್ ಮಷೀನ್‌ಗಳನ್ನು ಓಡಿಸುವ ಕೆಲಸವನ್ನು 2001ರ ಹೊತ್ತಿಗೆ ಸರ್ವರ್ ಮಾರುಕಟ್ಟೆಗೆ ತಂದಿತು. ಪ್ರೊಸೆಸರ್, ಮೆಮೊರಿ ಹಂಚಿಕೊಂಡಾಯಿತು. ತಕರಾರು ಉಳಿದದ್ದು ಡಿಸ್ಕಿನದು.

ಡಿಸ್ಕ್ ಕೇಳುವವರು ಯಾವಾಗಲೂ ಮುಂದಿನ ಐದು ವರ್ಷದ ಲೆಕ್ಕ ಹಿಡಿದೇ ಕೇಳುತ್ತಾರೆ. ಸರ್ಕಾರಿ ಇಲಾಖೆಯಾದರೆ ಇನ್ನೊಂದಿಷ್ಟು ಸೇರಿಸಿ ಕೇಳುವುದು ಜಾಣತನವೇ; ಮತ್ತೆ ಕೇಳುವುದೆಂದರೆ ಮತ್ತೊಂದು ಕಡತ, ಮತ್ತೊಂದು ಟೆಂಡರ್. ಹೀಗೆ 500 ಜಿಬಿ ಪಡೆದವರು 60 ಜಿಬಿ ಬಳಸಿ ಉಳಿದದ್ದನ್ನು ಬೀಳು ಬಿಡುತ್ತಿದ್ದರು. 1999ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ತ್ರೀಪಾರ್ ಎಂಬ ಸಂಸ್ಥೆ ಇದಕ್ಕೊಂದು ಉಪಾಯವನ್ನು ಜನಪ್ರಿಯಗೊಳಿಸಿತು. ಕೇಳಿದ್ದಷ್ಟನ್ನೂ ಕಾಗದದ ಮೇಲೆ ಕೊಡುವುದು. ನಿಜವಾದ ಜಾಗವನ್ನು ಮಾತ್ರ ಬರೆದಂತೆ ಬರೆದಂತೆ ಒದಗಿಸುವುದು. ಇದೇ ಥಿನ್ ಪ್ರಾವಿಷನಿಂಗ್. 2010ರಲ್ಲಿ ಡೆಲ್ ಮತ್ತು ಎಚ್‌ಪಿ ಈ ಸಂಸ್ಥೆಗಾಗಿ ಹರಾಜು ಕೂಗಿದಂತೆ ಬೆಲೆ ಏರಿಸಿಕೊಂಡು ಹೋದವು. ಕೊನೆಗೆ ಎಚ್‌ಪಿ 200 ಕೋಟಿ ಡಾಲರಿಗೂ ಹೆಚ್ಚು ಕೊಟ್ಟು ಕೊಂಡಿತು.

ದರಖಾಸ್ತು ಜಮೀನಿನ ವ್ಯವಹಾರ ಬಲ್ಲವರಿಗೆ ಇದರ ಅಪಾಯ ಬಿಡಿಸಿ ಹೇಳಬೇಕಿಲ್ಲ. ಆಕಾರಬಂದ್ ಎಂಬ ಮೂಲ ದಾಖಲೆಯಲ್ಲಿ 20 ಎಕರೆ ಇರುವ ಸರ್ವೆ ನಂಬರಿನಲ್ಲಿ, ಅದೇ ನಂಬರನ್ನು ಹಂಚಿಕೊಂಡ ‘ಪೈಕಿ’ ಪಹಣಿಗಳನ್ನೆಲ್ಲ ಕೂಡಿದರೆ 26 ಎಕರೆ ಆಗಿರುತ್ತದೆ. ಯಾರೂ ಪೂರ್ತಿ ಉಳುಮೆಗೆ ಇಳಿಯದಿರುವಷ್ಟು ದಿನ ಶಾಂತಿ. ಪೋಡಿಗೆಂದು, ಅಂದರೆ ಒಬ್ಬೊಬ್ಬರ ಪಾಲನ್ನು ಬೇರ್ಪಡಿಸಲೆಂದು ಸರ್ವೆಯವರು ಅಳತೆಗೆ ಬಂದ ದಿನ ಗಲಾಟೆ. ಡಿಸ್ಕಿನ ಗಲಾಟೆ ಇನ್ನೂ ಕ್ರೂರ. ಕೆಳಗಿನ ನಿಜವಾದ ಸ್ಟೋರೇಜ್ ತುಂಬಿದ ಗಳಿಗೆಯಲ್ಲಿ ಹೆಚ್ಚು ಬಳಸಿದವನ ಯಂತ್ರವಷ್ಟೇ ಅಲ್ಲ, ಹೊಸ ಜಾಗ ಬೇಕಾದ ಯಂತ್ರಗಳೆಲ್ಲ ಒಟ್ಟಿಗೇ ನಿಲ್ಲುತ್ತವೆ.

ಹಾಗಾದರೆ ಬೇಡದ ಫೈಲುಗಳನ್ನು ಅಳಿಸಿ ಜಾಗ ಹಿಂದಕ್ಕೆ ಕೊಡಬಾರದೇ? ಇಲ್ಲೇ ಕಥೆ ಸಿಕ್ಕಾಗುವುದು. ಫೈಲ್ ಡಿಲೀಟ್ ಮಾಡಿದಾಗ ವಿಂಡೋಸಾಗಲಿ ಲಿನಕ್ಸಾಗಲಿ ತನ್ನ ಪಟ್ಟಿಯಲ್ಲಿ ‘ಈ ಬ್ಲಾಕು ಖಾಲಿ’ ಎಂದು ಗುರುತು ಹಾಕಿಕೊಳ್ಳುತ್ತದೆ, ಅಷ್ಟೇ. ಬ್ಲಾಕಿನಲ್ಲಿದ್ದ ಮಾಹಿತಿ ಇದ್ದ ಹಾಗೇ ಇರುತ್ತದೆ. ಕೆಳಗಿನ ಸ್ಟೋರೇಜಿಗೆ ಆ ಪಟ್ಟಿ ಓದಲು ಬಾರದು. ಒಮ್ಮೆ ಬರೆದದ್ದೆಲ್ಲ ಅದರ ಪಾಲಿಗೆ ಬಳಕೆಯಲ್ಲಿದೆ. ದಶಕಗಟ್ಟಲೆ ಡಿಸ್ಕಿಗೆ ಗೊತ್ತಿದ್ದದ್ದು ‘ಓದು’, ‘ಬರೆ’ ಎಂಬ ಆಜ್ಞೆಗಳು. ‘ಇದು ನನಗಿನ್ನು ಬೇಡ’ ಎಂದು ಹೇಳುವ ಆಜ್ಞೆಯನ್ನೇ ಯಾರೂ ಮಾಡಿರಲಿಲ್ಲ. ಡಿಸ್ಕ್ ಒಬ್ಬನದೇ ಆಗಿದ್ದಾಗ ಅದರ ಅಗತ್ಯವೂ ಇರಲಿಲ್ಲ.

ಆಜ್ಞೆ ಇಲ್ಲದ ಕಾಲದಲ್ಲಿ ನಿರ್ವಾಹಕರು ಒಂದು ವಿಚಿತ್ರ ದಾರಿ ಹಿಡಿದರು. ಖಾಲಿ ಜಾಗದ ತುಂಬ ಸೊನ್ನೆ ಬರೆಯುವುದು. ವಿಂಡೋಸಿನಲ್ಲಿ ಇದಕ್ಕೆ ಮಾರ್ಕ್ ರುಸಿನೊವಿಚ್ ಬರೆದ ಎಸ್‌ಡಿಲೀಟ್ ಇತ್ತು, ಲಿನಕ್ಸಿನಲ್ಲಿ ಹಳೆಯ ಡಿಡಿ. ಆಮೇಲೆ ಯಂತ್ರ ನಿಲ್ಲಿಸಿ, ಸೊನ್ನೆಗಳಷ್ಟೇ ಇರುವ ಬ್ಲಾಕುಗಳನ್ನು ಹುಡುಕಿ ಕಿತ್ತುಹಾಕುವುದು. ತಮಾಷೆ ನೋಡಿ: ಸೊನ್ನೆ ಬರೆದರೂ ಅದು ಬರಹವೇ. ಜಾಗ ಉಳಿಸಲು ಹೊರಟ ಡಿಸ್ಕ್ ಮೊದಲು ತನ್ನ ಪೂರ್ತಿ ಗಾತ್ರಕ್ಕೆ ಉಬ್ಬುತ್ತಿತ್ತು. ಸ್ಟೋರೇಜ್ ತುಂಬುವ ಭಯಕ್ಕೆ ಕೈಹಾಕಿದ ಕೆಲಸವೇ ಅದನ್ನು ತುಂಬಿಸಿಬಿಡುವ ಸಾಧ್ಯತೆಯಿತ್ತು.

ಬಿಡುಗಡೆ ಬಂದದ್ದು ಬೇರೆ ದಿಕ್ಕಿನಿಂದ. ಎಸ್‌ಎಸ್‌ಡಿಗಳ ಫ್ಲ್ಯಾಶ್ ಚಿಪ್ಪಿನಲ್ಲಿ ಹಳೆಯದರ ಮೇಲೆ ನೇರವಾಗಿ ಬರೆಯಲಾಗದು. ಮೊದಲು ಒಂದು ದೊಡ್ಡ ಭಾಗವನ್ನೇ ಅಳಿಸಬೇಕು. ಯಾವುದು ಕಸ ಎಂದು ಮೊದಲೇ ತಿಳಿಯದಿದ್ದರೆ ಅದು ಕಸವನ್ನೇ ಅತ್ತಿಂದಿತ್ತ ಹೊತ್ತು ಬಳಲುತ್ತದೆ. ಅದಕ್ಕಾಗಿ ‘ಟ್ರಿಮ್’ ಆಜ್ಞೆ ಹುಟ್ಟಿತು. 2008ರ ಡಿಸೆಂಬರಿನಲ್ಲಿ ಲಿನಕ್ಸ್ 2.6.28, ಮರುವರ್ಷ ವಿಂಡೋಸ್ 7 ಇಂಥ ಸೂಚನೆ ಕಳಿಸುವುದನ್ನು ಕಲಿತವು. ದೊಡ್ಡ ಸ್ಟೋರೇಜುಗಳ ಸ್ಕಸಿ ಭಾಷೆಯಲ್ಲಿ ಅದರ ಜೋಡಿ ‘ಅನ್‌ಮ್ಯಾಪ್’.

ವಿಎಂವೇರ್ 2011ರ ತನ್ನ ವಿಸ್ಫಿಯರ್ 5 ತಂತ್ರಾಂಶದಲ್ಲಿ ಅನ್‌ಮ್ಯಾಪ್ ತಾನಾಗಿಯೇ ನಡೆಯುವಂತೆ ಮಾಡಿತು. ಕೆಲವು ಸ್ಟೋರೇಜುಗಳು ಈ ಸೂಚನೆಗಳ ಮಳೆಗೆ ತತ್ತರಿಸಿ ನಿಧಾನವಾದವು. ವರ್ಷ ಮುಗಿಯುವಷ್ಟರಲ್ಲಿ ಕಂಪನಿಯೇ ಅದನ್ನು ಆಫ್ ಮಾಡಿತು. ಮುಂದಿನ ಕೆಲವು ವರ್ಷ ಕೈಯಾರೆ ಆಜ್ಞೆ ಬರೆದು, ಜನ ಕೆಲಸ ಮುಗಿಸಿ ಮನೆಗೆ ಹೋದ ಮೇಲೆ ನಡೆಸುವ ಕೆಲಸವಾಗಿ ಉಳಿಯಿತು. 2016ರಲ್ಲಿ ಬಂದ 6.5ರಲ್ಲಿ ಮತ್ತೆ ಸ್ವಯಂಚಾಲಿತವಾಯಿತು, ಈ ಸಲ ಬೇಕೆಂದೇ ನಿಧಾನವಾಗಿ, ಸೆಕೆಂಡಿಗೆ 25 ಎಂಬಿಯಂತೆ. ಕೊಡುವ ವಿದ್ಯೆ ಗಟ್ಟಿಯಾದ ಹತ್ತು ವರ್ಷಕ್ಕೂ ಹೆಚ್ಚು ಕಾಲದ ಮೇಲೆ ಹಿಂದಕ್ಕೆ ಪಡೆಯುವ ವಿದ್ಯೆ ನೆಟ್ಟಗಾಯಿತು. ಮಾರುವಾಗ ಎದ್ದು ಕಾಣುವುದು ಮೊದಲನೆಯದು, ಹಾಗಾಗಿ ಇದರಲ್ಲಿ ನನಗೆ ಆಶ್ಚರ್ಯವಿಲ್ಲ.

ಕಂದಾಯ ಇಲಾಖೆಯಂಥ ಕಡೆ ಇದರ ಬಿಸಿ ಈಗ ಹೆಚ್ಚು. ಪಹಣಿ ಬರೀ ಅಕ್ಷರವಾಗಿದ್ದಾಗ ಒಂದು ತಾಲೂಕಿನದೆಲ್ಲ ಸಣ್ಣ ಡಿಸ್ಕಿನಲ್ಲಿ ಹಿಡಿಸುತ್ತಿತ್ತು. 2024ರಲ್ಲಿ ಶುರುವಾದ ‘ಭೂ ಸುರಕ್ಷಾ’ ಯೋಜನೆಯಲ್ಲಿ ತಾಲೂಕು ಕಚೇರಿಗಳ ಹಳೆಯ ಕಡತಗಳು ಪುಟಪುಟವಾಗಿ ಸ್ಕ್ಯಾನ್ ಆಗುತ್ತಿವೆ. ಸ್ಕ್ಯಾನಿಂಗ್ ಎಂದರೆ ತಾತ್ಕಾಲಿಕ ಫೈಲು, ಮಸುಕಾಗಿ ಮತ್ತೆ ತೆಗೆದ ಪ್ರತಿ, ಎರಡೆರಡು ಸಲ ಬಂದ ಪುಟ. ಅಳಿಸುವ ಕೆಲಸ ಬರೆಯುವ ಕೆಲಸದ ಬೆನ್ನಿಗೇ ಇರುತ್ತದೆ.

ಅಳಿಸಿದ ಸುದ್ದಿ ಕೆಳಗೆ ಮುಟ್ಟಲು ವರ್ಚುವಲ್ ಮಷೀನ್, ಅದನ್ನು ಓಡಿಸುವ ಹೈಪರ್‌ವೈಸರ್, ಸ್ಟೋರೇಜ್ ಮೂರೂ ಒಪ್ಪಬೇಕು. ಲಿನಕ್ಸಿನಲ್ಲಿ ಎನ್‌ಕ್ರಿಪ್ಟ್ ಆದ ಡಿಸ್ಕುಗಳು ಈ ಸೂಚನೆಯನ್ನು ಸಾಮಾನ್ಯವಾಗಿ ಕೆಳಗೆ ಬಿಡುವುದಿಲ್ಲ, ಎಲ್ಲೆಲ್ಲಿ ಖಾಲಿ ಇದೆ ಎಂಬುದೇ ಗುಟ್ಟು ಬಿಟ್ಟುಕೊಟ್ಟೀತೆಂದು. ಇನ್ನು ಸ್ನ್ಯಾಪ್‌ಶಾಟ್. ತಂತ್ರಾಂಶ ಬದಲಿಸುವ ಮುನ್ನ ಯಾರೋ ಸುರಕ್ಷತೆಗೆಂದು ಡಿಸ್ಕಿನ ಆ ಹೊತ್ತಿನ ಸ್ಥಿತಿಯನ್ನು ಹಿಡಿದಿಟ್ಟಿರುತ್ತಾರೆ. ಅದು ಇರುವಷ್ಟು ದಿನ, ಅಳಿಸಿದ ಹಳೆಯ ಬ್ಲಾಕುಗಳನ್ನೂ ಅದು ಹಿಡಿದುಕೊಂಡೇ ಇರುತ್ತದೆ; ಎಷ್ಟು ಟ್ರಿಮ್ ಮಾಡಿದರೂ ಆ ಜಾಗ ಬಿಡುಗಡೆಯಾಗದು. ಆದ್ದರಿಂದ ಅನುಭವಸ್ಥ ನಿರ್ವಾಹಕರು ಆಜ್ಞೆ ಟೈಪ್ ಮಾಡುವ ಮೊದಲು ಸ್ನ್ಯಾಪ್‌ಶಾಟ್‌ಗಳ ಪಟ್ಟಿ ತೆರೆದು, ಇದನ್ನು ತೆಗೆದವರು ಯಾರು, ಇನ್ನೂ ಬೇಕೇ ಎಂದು ಫೋನ್ ಮಾಡಲು ಕೂರುತ್ತಾರೆ. ತೆಗೆದವರು ಅಷ್ಟರಲ್ಲಿ ವರ್ಗವಾಗಿ ಹೋಗಿರುವುದೇ ಹೆಚ್ಚು.