ಬಂಗಾರದ ಬಣ್ಣದ ತೆಳುಪದರ

ಹುಲಿಹೈದರದ ಕಂಬಾರರು ಕಾಸಿದ ಕುಡಗೋಲನ್ನು ನೀರಿಗದ್ದಿ ಅಲಗು ಗಟ್ಟಿಗೊಳಿಸುವುದನ್ನು ಬಾಲ್ಯದಲ್ಲಿ ಕಂಡವನು ನಾನು. ಅದೇ ಊರಿನ ತರುಣನೊಬ್ಬ ಈಗ ಬೆಂಗಳೂರಿನ ಪೀಣ್ಯದಲ್ಲಿ ಲೇತ್ ನಡೆಸುತ್ತಾನೆ. ಉಕ್ಕನ್ನು ಕಡೆಯಲು ಅವನು ಬಳಸುವ ಕಾರ್ಬೈಡ್ ತುಣುಕು ಬಂಗಾರದಂತೆ ಹೊಳೆಯುತ್ತದೆ. ಆ ಹೊಳಪು ಟೈಟಾನಿಯಂ ನೈಟ್ರೈಡ್ ಲೇಪನದ್ದು. ದಪ್ಪ ಕೆಲವೇ ಮೈಕ್ರಾನ್. ತಲೆಗೂದಲಿಗಿಂತ ಎಷ್ಟೋ ತೆಳು. ಆದರೂ ತಿಕ್ಕಾಟ, ಸವೆತಗಳನ್ನು ತಡೆದು ಉಪಕರಣದ ಆಯುಷ್ಯವನ್ನು ಹಲವು ಪಟ್ಟು ಹೆಚ್ಚಿಸುತ್ತದೆ.

ಇದು ಕೇವಲ ಕಾರ್ಖಾನೆಯೊಳಗಿನ ಮಾತಲ್ಲ. ಕಾರ್ಬೈಡಿನ ಜೀವಾಳ ಟಂಗ್‌ಸ್ಟನ್. ಜಗತ್ತಿನ ಗಣಿಗಳು ನೀಡುವ ಈ ಲೋಹದಲ್ಲಿ ಸುಮಾರು ಶೇ 80ರಷ್ಟು ಚೀನಾದ್ದು. 2025ರ ಫೆಬ್ರುವರಿಯಲ್ಲಿ ಆ ದೇಶ ಇದರ ರಫ್ತಿನ ಮೇಲೆ ನಿಯಂತ್ರಣ ಹೇರಿತು. ನಾವಾದರೋ ಬಹುಮಟ್ಟಿಗೆ ಆಮದನ್ನೇ ನೆಚ್ಚಿದವರು. 1964ರಲ್ಲಿ ವಿಡಿಯಾ ಇಂಡಿಯಾ ಬೆಂಗಳೂರಿನಲ್ಲಿ ಸ್ಥಾಪನೆಯಾದಂದಿನಿಂದ ಕಾರ್ಬೈಡ್ ವಿದ್ಯೆ ನಮ್ಮಲ್ಲಿ ಬೇರೂರಿದೆ. ಕೊರತೆ ಇರುವುದು ಮಿತವ್ಯಯದಲ್ಲಿ.

ಸವೆದ ಕಾರ್ಬೈಡ್ ಡ್ರಿಲ್‌ಗಳನ್ನು ಸಾಣೆ ಹಿಡಿದು ಮತ್ತೆ ಲೇಪಿಸಬಹುದು. ಬಳಸಿ ಬಿಟ್ಟ ತುಣುಕುಗಳಿಂದ ಟಂಗ್‌ಸ್ಟನ್ನನ್ನು ಮರಳಿ ಪಡೆಯಬಹುದು. ಲೇಪನದ ಯಂತ್ರ ಕೊಳ್ಳುವ ಶಕ್ತಿ ಸಣ್ಣ ವರ್ಕ್‌ಶಾಪುಗಳಿಗಿಲ್ಲ. ಆದ್ದರಿಂದ ಕೈಗಾರಿಕಾ ಪ್ರದೇಶಗಳಲ್ಲಿ ಸರ್ಕಾರವೇ ಸಾಮೂಹಿಕ ಕೇಂದ್ರಗಳನ್ನು ತೆರೆಯಲಿ. ನಮ್ಮೂರ ಕಂಬಾರ ಮೊಂಡಾದ ಕುಡಗೋಲನ್ನು ಎಂದೂ ಎಸೆಯುತ್ತಿರಲಿಲ್ಲ. ಮತ್ತೆ ಕುಲುಮೆಗೆ ಒಡ್ಡುತ್ತಿದ್ದ.